ಉಸಿರಿದ್ದಾಗಲೇ ಮಾಡುವ ಕಾರ್ಯ

ಹೋದ ಭಾನುವಾರ ಅಧ್ಯಯನ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ ನಮ್ಮ ಬಳಗದ ಒಬ್ಬ ತಮ್ಮ ನನ್ನನ್ನು ಪಕ್ಕಕ್ಕೆ ಕರೆದ. ಅವನ ತಂದೆಗೆ ಕಾಯಿಲೆ ಜೋರಾಗಿದೆ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದಾರೆ. ತಂದೆ ದೀಕ್ಷೆ ತೆಗೆದುಕೊಂಡವರಲ್ಲ. ನಾನು ಹೋದ ಮೇಲೆ ಹಾಲು ತುಪ್ಪ ಬಿಡು, ತಿಥಿ ಮಾಡು, ವರ್ಷಕ್ಕೊಮ್ಮೆ ಎಡೆ ಇಕ್ಕು ಎಂದು ದಿನಾ ಕೈ ಹಿಡಿದು ಕೇಳುತ್ತಿದ್ದಾರಂತೆ.

"ಮೇಷ್ಟ್ರೇ, ಹೂಂ ಅಂದ್ರೆ ಪ್ರತಿಜ್ಞೆ ಮುರಿದ ಹಾಗೆ. ಇಲ್ಲ ಅಂದ್ರೆ ಸಾಯೋ ಮನುಷ್ಯನ ಮನಸ್ಸು ಮುರಿದ ಹಾಗೆ. ನಾನೇನು ಮಾಡ್ಲಿ?" ಅಂದ.

ಆವತ್ತು ನಾನು ಉತ್ತರ ಕೊಡಲಿಲ್ಲ. ಯಾಕೆಂದರೆ ನಾಲ್ಕು ವರ್ಷದ ಹಿಂದೆ ಇದೇ ಪ್ರಶ್ನೆ ನನಗೂ ಬಂದಿತ್ತು, ಮೊದಲ ಸಲ ನಾನು ತಪ್ಪು ಉತ್ತರವನ್ನೇ ಕೊಟ್ಟಿದ್ದೆ. ಅವನ ಒಪ್ಪಿಗೆ ಕೇಳಿಯೇ ಇವತ್ತಿನ ಚಿಂತನೆಯಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ತುಂಬಾ ಜನರ ಮನೆಯಲ್ಲಿ ಅಪ್ಪ ಅಮ್ಮ ಒಂದು ದಾರಿ, ಮಕ್ಕಳು ಒಂದು ದಾರಿ. ಈ ಪ್ರಶ್ನೆ ಇವತ್ತಲ್ಲ ನಾಳೆ ಎಲ್ಲರ ಬಾಗಿಲಿಗೂ ಬರುತ್ತದೆ.

ನಮ್ಮೂರು ಕುರುಡುಮಲೆ ನಿಮಗೆಲ್ಲ ಗೊತ್ತು. ದೊಡ್ಡ ಗಣೇಶನ ಊರು. ಹೊಸ ಕೆಲಸ ಶುರು ಮಾಡುವವರು, ಎಲೆಕ್ಷನ್‌ಗೆ ನಿಲ್ಲುವವರು ಎಲ್ಲೆಲ್ಲಿಂದಲೋ ಕಾರು ಮಾಡಿಕೊಂಡು ಬರುತ್ತಾರೆ. ಇಂಥ ಊರಲ್ಲಿ ಹುಟ್ಟಿ ಗೌರಿ ಗಣಪತಿಯನ್ನು ಪೂಜಿಸುವುದಿಲ್ಲ ಎಂಬ ಮೂರನೆಯ ಪ್ರತಿಜ್ಞೆ ತೆಗೆದುಕೊಂಡ ನನ್ನನ್ನು ಅಪ್ಪ ಮೊದಮೊದಲು ತಮಾಷೆ ಮಾಡುತ್ತಿದ್ದರು. "ಗಣೇಶನ ಊರಲ್ಲಿದ್ದು ಗಣೇಶನಿಗೇ ಟೂ ಬಿಟ್ಟವ್ನೆ ನನ್ನ ಮಗ" ಅನ್ನುತ್ತಿದ್ದರು. ಬಿಡು ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಅಪ್ಪ ಹುಡುಗನಾಗಿದ್ದಾಗ ಒಂದು ಮನೆಯಲ್ಲಿ ಜೀತಕ್ಕಿದ್ದವರು. ಜೀತ ರದ್ದಾದ ಕಾನೂನು ಬಂದದ್ದು 1976ರಲ್ಲಿ. ಅಪ್ಪ ಬಿಡುಗಡೆಯಾದದ್ದೂ ಹೆಚ್ಚು ಕಮ್ಮಿ ಅದೇ ಕಾಲಕ್ಕೆ. ಆಮೇಲೆ ಕೂಲಿ, ಕುರಿ, ಟೊಮೆಟೊ ತೋಟದ ಕೆಲಸ. ಅಕ್ಷರ ಬಾರದು. ಆದರೆ ಕೈವಾರ ತಾತಯ್ಯನವರ ತತ್ವಪದಗಳು ಬಾಯಲ್ಲಿ ಇರುತ್ತಿದ್ದವು. ಭಜನೆಯಲ್ಲಿ ತಾಳ ಹಿಡಿದು ಕೂತರೆ ಬೆಳಗಾಗುವ ತನಕ ಏಳುತ್ತಿರಲಿಲ್ಲ. ನಾನು ಡಿಗ್ರಿಗೆ ಕೋಲಾರಕ್ಕೆ ಸೇರಿದಾಗ ಪುಸ್ತಕಕ್ಕೆ ದುಡ್ಡಿಲ್ಲದೆ ಅಮ್ಮನ ಕಿವಿಯ ಓಲೆ ಗಿರವಿ ಇಟ್ಟರು. ಓಲೆ ಬಿಡಿಸಿಕೊಂಡದ್ದು ನನಗೆ ಕೆಲಸ ಸಿಕ್ಕ ಮೇಲೆಯೇ.

ಒಂದು ಅವರೆಕಾಯಿ ಕಾಲದಲ್ಲಿ ಅಪ್ಪ ಊಟಕ್ಕೆ ಕೂತವರು ಮುದ್ದೆ ಮುರಿದು ನುಂಗಿ ಎದೆ ನೀವಿಕೊಂಡರು. "ಇಳೀತಿಲ್ಲ ಕಣೋ" ಅಂದರು. ಗ್ಯಾಸ್ ಇರಬೇಕು ಅಂದುಕೊಂಡೆವು. ತಂಗಿ ಶುಂಠಿ ಕಷಾಯ ಮಾಡಿ ಕೊಟ್ಟಳು. ಎರಡು ತಿಂಗಳು ಹಾಗೇ ಕಳೆಯಿತು. ಆಮೇಲೆ ಕೋಲಾರದಲ್ಲಿ ಗಂಟಲಿಗೆ ಕ್ಯಾಮೆರಾ ಬಿಟ್ಟು ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅನ್ನನಾಳದ ಕ್ಯಾನ್ಸರ್. ಬೆಂಗಳೂರಿಗೆ ಓಡಾಡಿದೆವು. ಕರೆಂಟು ಕೊಡಿಸಿದೆವು. ಸ್ವಲ್ಪ ದಿನ ಗಂಜಿ ಇಳಿಯಿತು. ಆಮೇಲೆ ಅದೂ ಕಷ್ಟವಾಯಿತು. ಒಂದು ದಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು, ಇನ್ನು ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಲಿರೋದು ಅಂದರು. ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದೆವು.

ನಾನು ಮಾಡಿದ ಮೊದಲ ತಪ್ಪು ಇಲ್ಲಿಂದ ಶುರು. ಕ್ಯಾನ್ಸರ್ ಎಂಬ ಪದವನ್ನು ಮನೆಯಲ್ಲಿ ಯಾರೂ ಆಡಬಾರದು ಎಂದು ನಾನೇ ಹೇಳಿದ್ದೆ. ಗಂಟಲಲ್ಲಿ ಹುಣ್ಣು, ವಾಸಿಯಾಗುತ್ತೆ ಅಂದೆವು. ಅಪ್ಪ ತಲೆಯಾಡಿಸಿದರು. ನಾವು ಬಚ್ಚಲ ಹತ್ತಿರ ನಿಂತು ಪಿಸುಗುಟ್ಟುತ್ತಿದ್ದೆವು. ಅವರು ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಮಲಗಿರುತ್ತಿದ್ದರು. ಒಂದೇ ಮನೆಯಲ್ಲಿ ಅವರೊಂದು ನಾಟಕ, ನಾವೊಂದು ನಾಟಕ.

ಎರಡನೇ ತಪ್ಪು, ಆ ಹೂಂ. ಒಂದು ಸಂಜೆ ಅಪ್ಪ ಕೇಳಿದರು: "ನಮ್ಮಪ್ಪಂಗೆ ನಾನು ಮಾಡಿದೀನಿ. ನಂಗೆ ನೀನು ಮಾಡ್ತೀಯ ಅಲ್ವಾ? ವರ್ಷಕ್ಕೊಂದು ದಿನ ಒಂದು ಎಲೆ, ಅಷ್ಟೇ." ನಾನು ಹೂಂ ಅಂದುಬಿಟ್ಟೆ. ಆರನೆಯ ಪ್ರತಿಜ್ಞೆ ನನಗೆ ಗೊತ್ತಿತ್ತು. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂದು ಹತ್ತು ಜನರ ಮುಂದೆ ಹೇಳಿದವನು ನಾನು. ಮಾಡುವುದಿಲ್ಲ ಎಂದು ಮನಸ್ಸಿನಲ್ಲಿ ಗೊತ್ತಿದ್ದೂ ಹೂಂ ಅಂದೆ. ಸಾಯುವವರ ಹತ್ತಿರ ಒಂದು ಸುಳ್ಳು ಹೇಳಿದರೆ ಏನು, ಅವರು ಬಂದು ಕೇಳುತ್ತಾರಾ ಅನ್ನಿಸಿತು. ಆಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಪಂಚಶೀಲದ ನಾಲ್ಕನೆಯ ಶೀಲವನ್ನು ನಾನು ನನ್ನ ಅಪ್ಪನ ಮೇಲೆಯೇ ಮುರಿದಿದ್ದೆ. ಕೇಳಲು ಬರಲಾರದವರಿಗೆ ಹೇಳಿದ ಸುಳ್ಳಿಗಿಂತ ಕೀಳಾದ ಸುಳ್ಳು ಯಾವುದಿದೆ?

ಆ ವಾರ ನಮ್ಮ ಬಳಗದಲ್ಲಿ ಅಂಗುತ್ತರ ನಿಕಾಯದ ನಕುಲಪಿತನ ಕತೆ ಓದುವುದಿತ್ತು. ತಯಾರಿಗೆಂದು ಮನೆಯಲ್ಲಿ ಜೋರಾಗಿ ಓದುತ್ತಿದ್ದೆ. ಗೊತ್ತಿಲ್ಲದವರಿಗೆ ನನ್ನ ಮಾತಿನಲ್ಲಿ ಹೇಳುತ್ತೇನೆ.

ನಕುಲಪಿತ ಒಬ್ಬ ಗೃಹಸ್ಥ. ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಬಂದಿದ್ದ. ಹೆಂಡತಿ ನಕುಲಮಾತೆ ಪಕ್ಕದಲ್ಲಿ ಕೂತು ಅವನಿಗೆ ಹೇಳಿದ ಮೊದಲ ಮಾತೇ, ಚಿಂತೆ ಇಟ್ಟುಕೊಂಡು ಸಾಯಬೇಡ ಎಂದು. ಮನಸ್ಸಿನಲ್ಲಿ ಚಿಂತೆ ಇಟ್ಟುಕೊಂಡು ಹೋಗುವುದು ದುಃಖ. ಆಮೇಲೆ ಅವನ ಒಂದೊಂದೇ ಚಿಂತೆಯನ್ನು ತಾನೇ ಹೆಸರು ಹಿಡಿದು ಬಿಡಿಸುತ್ತಾಳೆ. ನೀನಿಲ್ಲದೆ ಮಕ್ಕಳನ್ನು ಸಾಕಲಾರೆ ಅಂದುಕೊಂಡೆಯಾ? ನನಗೆ ಹತ್ತಿ ನೂಲುವುದು ಗೊತ್ತು, ಉಣ್ಣೆ ಬಿಡಿಸುವುದು ಗೊತ್ತು, ಮನೆ ನಡೆಸುತ್ತೇನೆ. ಬೇರೆ ಮದುವೆ ಆಗುತ್ತೇನೆ ಅಂದುಕೊಂಡೆಯಾ? ಇಲ್ಲ. ಭಗವಾನರ ಹತ್ತಿರ, ಸಂಘದ ಹತ್ತಿರ ಹೋಗುವುದನ್ನು ಬಿಡುತ್ತೇನೆ ಅಂದುಕೊಂಡೆಯಾ? ಬಿಡುವುದಿಲ್ಲ. ಶೀಲ ಕೆಡುತ್ತೇನೆ, ಮನಸ್ಸಿನ ಶಾಂತಿ ಕಳೆದುಕೊಳ್ಳುತ್ತೇನೆ, ಧಮ್ಮದಲ್ಲಿ ಕಾಲು ಜಾರುತ್ತೇನೆ ಅಂದುಕೊಂಡೆಯಾ? ಅದೂ ಇಲ್ಲ. ಹೀಗೆ ಆರು ಮಾತು. ಮಾತು ಕೇಳುತ್ತ ಕೇಳುತ್ತ ನಕುಲಪಿತನ ಕಾಯಿಲೆ ಇಳಿಯಿತು. ಆಮೇಲೆ ಅವನು ಕೋಲೂರಿಕೊಂಡು ಭಗವಾನರ ಹತ್ತಿರ ಹೋದಾಗ, ಇಂಥ ಹೆಂಡತಿ ಇರುವುದು ನಿನ್ನ ಭಾಗ್ಯ ಎಂದು ಅವರು ಹೇಳಿದರು.

ಅಡುಗೆ ಮನೆಯಲ್ಲಿ ಅವರೆ ಸುಲಿಯುತ್ತಿದ್ದ ಅಮ್ಮ ಇದನ್ನೆಲ್ಲ ಕೇಳಿಸಿಕೊಂಡಿದ್ದರು. "ಆಯಮ್ಮ ಸರಿಯಾಗಿ ಹೇಳವ್ಳೆ" ಅಂದರು. ಕೈ ಒರೆಸಿಕೊಂಡು ಎದ್ದು ಅಪ್ಪನ ಹತ್ತಿರ ಹೋಗಿ ಕೂತರು.

ನಾನು ಬಾಗಿಲಲ್ಲಿ ನಿಂತು ಕೇಳಿದ ಮಾತು ಇವು. "ನೋಡು, ನಿಂಗೆ ಏನಾಗೈತೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಬೋರ್‌ವೆಲ್ ಸಾಲದ ಯೋಚನೆ ಮಾಡ್ತಿದೀಯ. ಎರಡು ಕುರಿ ಮಾರಿದೀನಿ, ಉಳಿದಿದ್ದು ದೊಡ್ಡೋನು ಕಟ್ತಾನೆ. ನನ್ನ ಯೋಚನೆ ಮಾಡ್ತಿದೀಯ. ನಾನು ಈ ಮನೆ ಬಿಟ್ಟು ಎಲ್ಲೂ ಹೋಗಲ್ಲ. ಸೊಸೆ ನನ್ನ ಚೆನ್ನಾಗಿ ನೋಡ್ಕೊಳ್ತಾಳೆ. ಮಗಳ ಯೋಚನೆ ಮಾಡ್ತಿದೀಯ. ಅವಳ ಮನೆ ಚೆನ್ನಾಗೈತೆ. ಇನ್ನೇನೈತೆ ಹೇಳು."

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ನೋಡಿ, "ಆಸ್ಪತ್ರೆ ಬೋರ್ಡ್ ಓದಕ್ಕೆ ಬರಲ್ಲ ನಂಗೆ. ನಿಮ್ಮ ಮುಖ ಓದಕ್ಕೆ ಬರ್ತದೆ" ಅಂದರು.

ಅಕ್ಷರ ಬಾರದ ನಮ್ಮಮ್ಮನಿಗೆ ಆದದ್ದು ಎಂ.ಎ. ಓದಿದ ನನಗೆ ಆಗಿರಲಿಲ್ಲ.

ಮಾರನೇ ದಿನ ನಾನೂ ಕೂತೆ. "ಅಪ್ಪ, ಆವತ್ತು ಹೂಂ ಅಂದೆನಲ್ಲ, ಅದು ಸುಳ್ಳು. ಎಡೆ ಇಡೋದು ನನ್ನ ಕೈಲಿ ಆಗಲ್ಲ. ನಾನು ಮಾತು ಕೊಟ್ಟಿದೀನಿ" ಅಂದೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು. ಆ ದಿನವೆಲ್ಲ ಮಾತಾಡಲಿಲ್ಲ. ಬಂಧುಗಳೇ, ಆ ಒಂದು ದಿನ ನಾನು ಪಟ್ಟ ಸಂಕಟ ಅಷ್ಟಿಷ್ಟಲ್ಲ. ಬಾಯಿ ಮುಚ್ಚಿಕೊಂಡು ಇರಬಾರದಿತ್ತಾ ಎಂದು ನೂರು ಸಲ ಅನ್ನಿಸಿತು.

ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದಾಗ ಅವರೇ ಮಾತು ತೆಗೆದರು. "ಜನ ಮರೆತುಬಿಡ್ತಾರೆ ಕಣೋ. ಎಡೆ ಇಕ್ಕೋ ದಿನ ಆದ್ರೂ ಹೆಸರು ಹೇಳ್ತಾರೆ."

ಆಗ ನನಗೆ ಅರ್ಥವಾಯಿತು. ಅಪ್ಪ ಕೇಳುತ್ತಿದ್ದುದು ಎಲೆಯ ಮೇಲಿನ ಅನ್ನವನ್ನಲ್ಲ. ಒಂದು ಚಮಚ ಗಂಜಿ ಇಳಿಯದ ಗಂಟಲಿನವರಿಗೆ ಸತ್ತ ಮೇಲಿನ ಊಟದ ಆಸೆ ಎಲ್ಲಿಂದ ಬರಬೇಕು? ಜೀತದ ಮನೆಯಲ್ಲಿ ಹೆಸರಿಡಿದು ಕರೆಸಿಕೊಳ್ಳದೆ ಬೆಳೆದ ಮನುಷ್ಯ, ಹೋದ ಮೇಲಾದರೂ ತನ್ನ ಹೆಸರು ಈ ಮನೆಯಲ್ಲಿ ಉಳಿಯುತ್ತದಾ ಎಂದು ಕೇಳುತ್ತಿದ್ದರು. ಅದಕ್ಕೆ ಅವರಿಗೆ ಗೊತ್ತಿದ್ದ ಭಾಷೆ ಎಡೆ ಒಂದೇ.

"ಅಮ್ಮನ ಓಲೆ ಗಿರವಿ ಇಟ್ಟು ನನಗೆ ಪುಸ್ತಕ ತಂದೆಯಲ್ಲ, ವರ್ಷ ವರ್ಷ ನಿನ್ನ ಹೆಸರಲ್ಲಿ ಪಿಯುಸಿ ಸೇರೋ ಇಬ್ಬರು ಮಕ್ಕಳಿಗೆ ಪುಸ್ತಕ ಕೊಡಿಸ್ತೀನಿ. ಆ ಓಲೆ ಕತೆ ಅವರಿಗೆ ಹೇಳ್ತೀನಿ" ಅಂದೆ. ಅಪ್ಪ ಯೋಚನೆ ಮಾಡಿ, "ಮೊದಲು ನಮ್ಮ ಕೇರಿ ಮಕ್ಕಳಿಗೆ ಕೊಡು" ಅಂದರು. ಇದು ಒಪ್ಪಿಗೆಯೋ, ಸೋತು ಹೇಳಿದ ಮಾತೋ ನಾನು ಇವತ್ತಿಗೂ ಖಚಿತವಾಗಿ ಹೇಳಲಾರೆ. ಒಪ್ಪಿಗೆ ಎಂದೇ ಹೇಳಿಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆದರೆ ಆವತ್ತಿನಿಂದ ನಮ್ಮಿಬ್ಬರ ನಡುವೆ ನಾಟಕ ಇರಲಿಲ್ಲ.

ಮಹಾಪರಿನಿಬ್ಬಾಣ ಸುತ್ತವನ್ನು ನಾವು ಪ್ರತಿ ವರ್ಷ ಓದುತ್ತೇವೆ. ಅಪ್ಪನ ಕೊನೆಯ ತಿಂಗಳಲ್ಲಿ ಅದು ನನಗೆ ಬೇರೆಯೇ ಆಗಿ ಕಂಡಿತು. ಅದು ಒಂದು ಕುಟುಂಬ ತನ್ನ ಹಿರಿಯನನ್ನು ಬೀಳ್ಕೊಟ್ಟ ಕತೆಯೂ ಹೌದು. ಭಗವಾನರಿಗೆ ಎಂಬತ್ತು ವರ್ಷ. ಬೇಲುವ ಗ್ರಾಮದಲ್ಲಿ ಕಾಯಿಲೆ ಬೀಳುತ್ತಾರೆ. ತಮ್ಮ ದೇಹ ಬಾರು ಬಿಗಿದು ಎಳೆಯುವ ಹಳೇ ಗಾಡಿಯ ಹಾಗಾಗಿದೆ ಎಂದು ಆನಂದನಿಗೆ ನೇರವಾಗಿ ಹೇಳುತ್ತಾರೆ. ಯಾವುದನ್ನೂ ಮುಚ್ಚಿಡುವುದಿಲ್ಲ.

ಚುಂದ ಎಂಬ ಕಮ್ಮಾರ ಬಡಿಸಿದ ಊಟದ ನಂತರ ಕಾಯಿಲೆ ಉಲ್ಬಣಿಸುತ್ತದೆ. ಆಗ ಭಗವಾನರಿಗೆ ಬಂದ ಯೋಚನೆ ಚುಂದನದು. ನಾಳೆ ಜನ ಅವನನ್ನು ದೂರುತ್ತಾರೆ, ಅವನೂ ತನ್ನನ್ನು ತಾನು ಸುಟ್ಟುಕೊಳ್ಳುತ್ತಾನೆ. ಹಾಗಾಗಬಾರದು, ಅವನು ಕೊಟ್ಟದ್ದು ದೊಡ್ಡ ದಾನವೆಂದು ಅವನಿಗೆ ಹೇಳು ಎಂದು ಆನಂದನಿಗೆ ಒಪ್ಪಿಸುತ್ತಾರೆ. ಕುಸಿನಾರದಲ್ಲಿ ಆನಂದ ಬಾಗಿಲಿಗೆ ಒರಗಿ ಅಳುತ್ತಿರುವುದು ತಿಳಿದು ಹತ್ತಿರ ಕರೆಸುತ್ತಾರೆ. ಇಷ್ಟು ವರ್ಷ ನೀನು ಪ್ರೀತಿಯಿಂದ ನನ್ನನ್ನು ನೋಡಿಕೊಂಡೆ ಎಂದು ಹೇಳಿ, ಎಲ್ಲ ಭಿಕ್ಖುಗಳ ಮುಂದೆ ಅವನ ಗುಣಗಳನ್ನು ಹೊಗಳುತ್ತಾರೆ.

ಸತ್ಯ ಹೇಳುವುದು. ಚಿಂತೆ ಇಳಿಸುವುದು. ತಪ್ಪಿತಸ್ಥ ಭಾವದಿಂದ ಬಿಡಿಸುವುದು. ಸೇವೆ ಮಾಡಿದವರನ್ನು ನೆನೆಯುವುದು. ಇವೆಲ್ಲ ಉಸಿರಿರುವಾಗ ಮಾಡಬೇಕಾದ ಕಾರ್ಯಗಳು. ನಮ್ಮ ಕಡೆ ಕಾರ್ಯ ಅಂದರೆ ಸತ್ತ ಮೇಲಿನದು ಎಂದೇ ಅರ್ಥ. ಮೂರನೇ ದಿನಕ್ಕೆ, ಹನ್ನೊಂದನೇ ದಿನಕ್ಕೆ ನೆಂಟರೆಲ್ಲ ಓಡಿ ಬರುತ್ತಾರೆ. ಮಾತು ಬೇಕಾಗಿದ್ದ ಹತ್ತು ತಿಂಗಳು ಮಂಚದ ಪಕ್ಕ ಖಾಲಿ ಕುರ್ಚಿ ಇರುತ್ತದೆ.

ನಮ್ಮ ತಂಗಿ ಆ ಶುಂಠಿ ಕಷಾಯ ನೆನೆದು ಅಳುತ್ತಿದ್ದಳು. ಮೊದಲೇ ತೋರಿಸಿದ್ದರೆ ಉಳಿಯುತ್ತಿದ್ದ ಎಂದು ನೆಂಟರು ಬೇರೆ ಚುಚ್ಚಿದ್ದರು. ಅಪ್ಪನಿಗೆ ಇದನ್ನು ಹೇಳಿದೆ. ಅಪ್ಪ ಎಲ್ಲರನ್ನೂ ಕರೆಸಿ, "ಆಸ್ಪತ್ರೆ ಬ್ಯಾಡ ಅಂದೋನು ನಾನು. ಆ ಮಗೀನ ಯಾರೂ ಏನೂ ಅನ್ಬೇಡಿ" ಅಂದರು. ಚುಂದನ ಹೆಸರನ್ನೂ ಕೇಳಿರದ ಮನುಷ್ಯ. ನನ್ನ ಹೆಂಡತಿಯ ತಲೆ ಮೇಲೆ ಕೈಯಿಟ್ಟು, "ಹೆತ್ತ ಮಗಳೂ ಇಷ್ಟು ಮಾಡಲ್ಲ ಕಣಮ್ಮ" ಅಂದರು.

ಆ ಮಾತಿಗೆ ನಾನು ತಲೆ ತಗ್ಗಿಸಿದೆ. ಮೊದಲ ಆರು ತಿಂಗಳು ಅಪ್ಪನ ಬಟ್ಟೆ ಬದಲಿಸಿದ್ದು, ವಾಂತಿ ಬಳಿದದ್ದು ಎಲ್ಲ ಅವಳೇ. ನಾನು ಔಷಧಿ ತರುವವನು, ಫೋನು ಮಾಡುವವನು. ಬೇಧಿಯಾಗಿ ತನ್ನ ಹೊಲಸಿನಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಭಗವಾನರೇ ಆನಂದನ ಜೊತೆ ಸೇರಿ ತೊಳೆದು, ಎತ್ತಿ ಮಂಚದ ಮೇಲೆ ಮಲಗಿಸಿದ ಕತೆ ವಿನಯ ಪಿಟಕದಲ್ಲಿದೆ. ಅದನ್ನು ಎಷ್ಟೋ ಸಲ ಭಾಷಣದಲ್ಲಿ ಹೇಳಿದ್ದೇನೆ. ಪಿಂಡ ಇಡಲು ಮಗನೇ ಬೇಕು, ಬೆಡ್‌ಪ್ಯಾನ್ ಹಿಡಿಯಲು ಸೊಸೆ ಸಾಕು ಎಂಬ ಲೋಕದ ನ್ಯಾಯ ನನ್ನೊಳಗೂ ಇತ್ತು. ಉಳಿದ ದಿನಗಳಲ್ಲಿ ಆ ಕೆಲಸ ನಾನು ಮಾಡಿದೆ. ಈ ಗುಂಪಿನ ಗಂಡಸರು ಈ ಮಾತನ್ನು ದಯವಿಟ್ಟು ಗಮನಿಸಬೇಕು.

ಬಾಬಾಸಾಹೇಬರ ತಂದೆ ಸುಬೇದಾರ್ ರಾಮಜಿ ಸಕ್ಪಾಲರನ್ನು ಇಲ್ಲಿ ನೆನೆಯಬೇಕು. ರಾಮಜಿ ಕಬೀರ ಪಂಥದವರು. ಮಕ್ಕಳಿಗೆ ರಾಮಾಯಣ ಮಹಾಭಾರತ ಓದಿಸುತ್ತಿದ್ದರು. ಭೀಮರಾಯರಿಗೆ ಆ ಗ್ರಂಥಗಳ ಬಗ್ಗೆ ಹುಡುಗನಾಗಿದ್ದಾಗಲೇ ಪ್ರಶ್ನೆಗಳಿದ್ದವು, ತಂದೆಯ ಹತ್ತಿರ ವಾದ ಮಾಡಿದ್ದರು. ಆದರೆ ಮಗ ಕೇಳಿದ ಪುಸ್ತಕಕ್ಕೆ ದುಡ್ಡಿಲ್ಲದಾಗ ಮದುವೆಯಾದ ಹೆಣ್ಣುಮಕ್ಕಳ ಒಡವೆ ಕೇಳಿ ತಂದು ಗಿರವಿ ಇಟ್ಟು, ಪಿಂಚಣಿ ಬಂದಾಗ ಬಿಡಿಸಿಕೊಡುತ್ತಿದ್ದ ತಂದೆ ಅವರು. ಪರೀಕ್ಷೆ ಹತ್ತಿರ ಬಂದರೆ ಬೆಳಗಿನ ಜಾವ ಎರಡು ಗಂಟೆಗೆ ಮಗನನ್ನು ಓದಲು ಎಬ್ಬಿಸುತ್ತಿದ್ದರು.

1913ರ ಜನವರಿಯಲ್ಲಿ ಭೀಮರಾಯರು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಅಲ್ಲಿಗೆ ಹೋಗುವುದು ತಂದೆಗೆ ಇಷ್ಟವಿರಲಿಲ್ಲ. ಕೆಲವೇ ದಿನಕ್ಕೆ ತಂದೆಗೆ ಕಾಯಿಲೆ ಜೋರು ಎಂದು ತಂತಿ ಬಂತು. ಹೊರಟವರು ದಾರಿಯಲ್ಲಿ ಸೂರತ್ ಸ್ಟೇಷನ್ನಿನಲ್ಲಿ ತಂದೆಗೆಂದು ಸಿಹಿ ತರಲು ಇಳಿದರು. ಅಷ್ಟರಲ್ಲಿ ರೈಲು ಹೊರಟುಹೋಯಿತು. ಮುಂಬೈ ತಲುಪುವುದು ಮರುದಿನಕ್ಕೆ ಹೋಯಿತು. ತಂದೆಯ ಕಣ್ಣು ಮಗನಿಗಾಗಿಯೇ ಕಾಯುತ್ತಿತ್ತು. ಮಗನನ್ನು ಕಂಡು, ಸೋತ ಕೈಯಿಂದ ಅವನ ಬೆನ್ನು ಸವರಿ, ಕಣ್ಣು ಮುಚ್ಚಿದರು. ಅದು 1913ರ ಫೆಬ್ರವರಿ 2. ಬಾಬಾಸಾಹೇಬರಿಗೆ ಆಗ ಇಪ್ಪತ್ತೊಂದು ವರ್ಷ.

ತಂದೆಗೆ ಏನಾದರೂ ಕೊಡಬೇಕೆಂಬ ಪ್ರೀತಿಯೇ ತಂದೆಯ ಹತ್ತಿರ ಇರಬಹುದಾಗಿದ್ದ ಕೆಲವು ಗಂಟೆಗಳನ್ನು ಕಿತ್ತುಕೊಂಡಿತು. ನಾವೂ ಹಾಗೆಯೇ. ಅಪ್ಪನಿಗೆ ಏನು ಕೊಡಲಿ, ಯಾವ ಆಸ್ಪತ್ರೆ, ಎಷ್ಟು ದೊಡ್ಡ ಕಾರ್ಯ ಎಂದು ಓಡುತ್ತಿರುತ್ತೇವೆ. ಅಪ್ಪ ಮಗನಿಗಾಗಿ ಬಾಗಿಲು ನೋಡುತ್ತಿರುತ್ತಾರೆ.

ತಂದೆ ಹೋದ ಅದೇ ವರ್ಷ ಜುಲೈನಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಹತ್ತು ವರ್ಷದ ಮೇಲೆ, 1923ರಲ್ಲಿ, ರೂಪಾಯಿಯ ಸಮಸ್ಯೆ ಕುರಿತ ಅವರ ದೊಡ್ಡ ಗ್ರಂಥ ಲಂಡನ್ನಿನಲ್ಲಿ ಪ್ರಕಟವಾಯಿತು. ಅದನ್ನು ಅರ್ಪಿಸಿರುವುದು ತಂದೆ ತಾಯಿಯ ನೆನಪಿಗೆ. ಒಡವೆ ಗಿರವಿ ಇಟ್ಟು ಪುಸ್ತಕ ತಂದ ತಂದೆಗೆ ಮಗ ಪುಸ್ತಕವನ್ನೇ ತಿರುಗಿ ಕೊಟ್ಟರು.

ನಮ್ಮ ಅಪ್ಪ ಹೋದದ್ದು ಒಂದು ಬೆಳಗಿನ ಜಾವ, ನಾನು ಡೈರಿಗೆ ಹಾಲು ಹಾಕಲು ಹೋಗಿದ್ದ ಅರ್ಧ ಗಂಟೆಯಲ್ಲಿ. ಅಮ್ಮ ಪಕ್ಕದಲ್ಲಿದ್ದರು. ಕೊನೆ ಗಳಿಗೆಯಲ್ಲಿ ಮಗ ಇರಲಿಲ್ಲ ಎಂದು ನೆಂಟರು ಮರುಗಿದರು. ಅಳು ಬಂತು, ಈಗಲೂ ಬರುತ್ತದೆ. ಆದರೆ ಹೇಳದೆ ಉಳಿದ ಮಾತು ನಮ್ಮ ನಡುವೆ ಯಾವುದೂ ಇರಲಿಲ್ಲ.

ಆಮೇಲಿನದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಅಪ್ಪ ದೀಕ್ಷೆ ತೆಗೆದುಕೊಂಡವರಲ್ಲ. ನಾನು ಅವರನ್ನು ಸತ್ತ ಮೇಲೆ ಬೌದ್ಧರನ್ನಾಗಿ ಮಾಡಲಿಲ್ಲ. ಅವರ ಗೆಳೆಯರು ರಾತ್ರಿಯೆಲ್ಲ ತಾತಯ್ಯನವರ ಪದ ಹಾಡಿದರು, ತಮಟೆ ಬಡಿದರು. ನಾನೂ ಅವರ ನಡುವೆ ಕೂತಿದ್ದೆ. ಮಣ್ಣು ಮಾಡುವಾಗ ನಮ್ಮ ಬಳಗದವರು ತ್ರಿಶರಣ ಪಂಚಶೀಲ ಹೇಳಿದೆವು. ಮೂರನೇ ದಿನ ಹಾಲು ತುಪ್ಪ ಬಿಡುತ್ತೇನೆ ಎಂದು ಚಿಕ್ಕಪ್ಪ ಹೊರಟರು. ನಾನು ತಡೆಯಲಿಲ್ಲ, ಜೊತೆಗೆ ಹೋಗಿ ಕೈಯನ್ನೂ ಹಾಕಲಿಲ್ಲ. "ಎಲ್ಲೋ ನಾಗಪುರದಿಂದ ತಂದಿದ್ದು ಇದೆಲ್ಲ, ನಮ್ಮ ಸೀಮೇದಲ್ಲ" ಎಂದು ಚಿಕ್ಕಪ್ಪ ಕೂಗಾಡಿದರು. ಒಂದು ವರ್ಷ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಚಿಕ್ಕಪ್ಪನಿಗೆ ಆಮೇಲೆ ಹೇಳಿದೆ, ನಿಮಗೂ ಹೇಳುತ್ತೇನೆ. 1956ರ ಅಕ್ಟೋಬರ್ 14ರ ನಾಗಪುರಕ್ಕಿಂತ ಎಷ್ಟೋ ಮೊದಲೇ ನಮ್ಮ ಜಿಲ್ಲೆಯ ಕೆಜಿಎಫ್‌ನಲ್ಲಿ ಬೌದ್ಧರಿದ್ದರು. ಪಂಡಿತ ಅಯೋತಿದಾಸರು 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ ಮೇಲೆ, ಮಾರಿಕುಪ್ಪಂನ ಗಣಿ ಕಾರ್ಮಿಕರಲ್ಲಿ ಅದರ ಶಾಖೆ ಬೆಳೆಯಿತು. ಮನೆಯ ಶುಭ ಅಶುಭಗಳನ್ನು ಪುರೋಹಿತರಿಲ್ಲದೆ ಮಾಡಿಕೊಳ್ಳುವುದನ್ನು ಕಲಿತ ಕೂಲಿಗಳು ಅವರು. ಇದು ನಮ್ಮ ಮಣ್ಣಿನದೇ.

ಎಡೆ ಇಟ್ಟರೆ ನಷ್ಟವೇನು ಎಂದು ಕೆಲವರು ಕೇಳುತ್ತಾರೆ. ಸಂಯುತ್ತ ನಿಕಾಯದಲ್ಲಿ ಒಬ್ಬ ಗ್ರಾಮಣಿ ನಾಳಂದದಲ್ಲಿ ಭಗವಾನರನ್ನು ಕೇಳುತ್ತಾನೆ: ಸತ್ತವರನ್ನು ಮಂತ್ರದಿಂದ ಸ್ವರ್ಗಕ್ಕೆ ಕಳಿಸುತ್ತೇವೆ ಎಂದು ಬ್ರಾಹ್ಮಣರು ಹೇಳುತ್ತಾರೆ, ನಿಮಗೆ ಆಗುತ್ತದಾ? ಭಗವಾನರ ಉತ್ತರದಲ್ಲಿ ಎರಡು ಹೋಲಿಕೆಗಳಿವೆ. ಆಳವಾದ ಕೆರೆಗೆ ದೊಡ್ಡ ಬಂಡೆ ಎಸೆದು, ದಡದಲ್ಲಿ ಜನ ಸೇರಿ ಬಂಡೆಯೇ ಮೇಲೆ ಬಾ ಎಂದು ಕೈ ಮುಗಿದರೆ ಬರುತ್ತದಾ? ತುಪ್ಪದ ಮಡಕೆಯನ್ನು ನೀರಿನೊಳಗೆ ಒಡೆದರೆ ಚೂರು ಮುಳುಗುತ್ತದೆ, ತುಪ್ಪ ತೇಲುತ್ತದೆ. ತುಪ್ಪವೇ ಮುಳುಗು ಎಂದು ಬೇಡಿಕೊಂಡರೆ ಮುಳುಗುತ್ತದಾ? ಮನುಷ್ಯ ಬದುಕಿದ ರೀತಿಯೇ ಅವನ ಜೊತೆ ಇರುತ್ತದೆ. ನಮ್ಮ ಅಪ್ಪ ತುಪ್ಪದಂಥ ಮನುಷ್ಯ. ನಾನು ಎಲೆ ಇಡದೆ ಇದ್ದದ್ದರಿಂದ ಅವರು ಮುಳುಗುವುದಿಲ್ಲ.

ಇನ್ನೊಂದು ನಷ್ಟ ಕಣ್ಣಿಗೇ ಕಾಣುತ್ತದೆ. ನಮ್ಮ ಕೇರಿಗಳಲ್ಲಿ ಆಸ್ಪತ್ರೆಗೆ ಸಾಲ, 11ನೇ ದಿನಕ್ಕೆ ಇನ್ನೊಂದು ಸಾಲ. ಊರಿಗೆಲ್ಲ ಬಾಡೂಟ ಹಾಕದಿದ್ದರೆ ಅಪ್ಪನ ಮೇಲೆ ಪ್ರೀತಿ ಇಲ್ಲ ಅಂತಾರೆ. ಸತ್ತವರ ಹೆಸರಲ್ಲಿ ಮಾಡಿದ ಬಡ್ಡಿ ಸಾಲ ಬದುಕಿರುವವರ ಓದು ನಿಲ್ಲಿಸಿದ್ದನ್ನು ಮೇಷ್ಟ್ರಾಗಿ ನಾನು ತರಗತಿಯಲ್ಲೇ ನೋಡಿದ್ದೇನೆ. ಆ ಪ್ರತಿಜ್ಞೆಯ ಹಿಂದೆ ಈ ಲೆಕ್ಕವೂ ಇದೆ.

ಹಾಗೆಂದು ಧಮ್ಮ ಸತ್ತವರನ್ನು ಮರೆಯಲು ಹೇಳುವುದಿಲ್ಲ. ಸಿಗಾಲೋವಾದ ಸುತ್ತದಲ್ಲಿ ಮಕ್ಕಳ ಐದು ಕರ್ತವ್ಯಗಳಲ್ಲಿ ಕೊನೆಯದು, ಅಗಲಿದ ತಂದೆ ತಾಯಿಯ ಹೆಸರಲ್ಲಿ ದಾನ ಮಾಡುವುದು. ನಾವು ಪ್ರತಿ ಜೂನ್‌ನಲ್ಲಿ ಇಬ್ಬರು ಮಕ್ಕಳಿಗೆ ಪುಸ್ತಕ ಕೊಡುತ್ತೇವೆ. ಅಮ್ಮನೇ ಕೊಡುತ್ತಾರೆ, ಓಲೆಯ ಕತೆಯನ್ನೂ ಅವರೇ ಹೇಳುತ್ತಾರೆ. ಹೋದ ವರ್ಷ ಚಿಕ್ಕಪ್ಪ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಶ್ರೀನಿವಾಸಪುರದ ತನ್ನ ಮನೆಯಲ್ಲಿ ತಂಗಿ ಈಗಲೂ ಅಪ್ಪನ ಫೋಟೋ ಮುಂದೆ ಎಲೆ ಹಾಕುತ್ತಾಳೆ. ಅದು ಅವಳ ಪ್ರೀತಿ. ನಾನು ಹೋಗಿ ಜಗಳ ಮಾಡಿಲ್ಲ.

ಇನ್ನು ನನ್ನ ತಮ್ಮನಿಗೆ ಉತ್ತರ.

ತಮ್ಮಾ, 22 ಪ್ರತಿಜ್ಞೆಗಳನ್ನು ಮತ್ತೊಮ್ಮೆ ಓದು. ಎಲ್ಲವೂ ನಾನು, ನಾನು ಎಂದೇ ಮಾತಾಡುತ್ತವೆ. ಅವು ನಿನ್ನ ಕೈಯನ್ನು ಕಟ್ಟುತ್ತವೆ, ನಿನ್ನ ಅಪ್ಪನ ಕೈಯನ್ನಲ್ಲ. ಅವರಿಗೆ ಯಾವ ಹಾಡು ಕೇಳಬೇಕೋ ಕೇಳಿಸು. ಯಾರನ್ನು ನೋಡಬೇಕೋ ಕರೆಸು. ಮಂಚದ ಪಕ್ಕ ವಾದ ಮಾಡಿ ಗೆಲ್ಲಬೇಡ. ಆದರೆ ಮಾಡದ ಕೆಲಸಕ್ಕೆ ಹೂಂ ಅನ್ನಬೇಡ. ನಿನ್ನಿಂದ ಆಗದ್ದನ್ನು ಮೆಲ್ಲಗೆ, ಕೈ ಹಿಡಿದುಕೊಂಡು ಹೇಳು. ಅವರು ಸಿಟ್ಟಾದರೆ ಆಗಲಿ, ಎದ್ದು ಹೋಗದೆ ಪಕ್ಕದಲ್ಲೇ ಕೂತಿರು. ಎಡೆ ಕೇಳುವಾಗ ಅವರು ನಿಜವಾಗಿ ಯಾವುದಕ್ಕೆ ಹೆದರಿದ್ದಾರೆ ಎಂದು ತಿಳಿದುಕೋ. ಸಾಲವೋ, ನಿನ್ನಮ್ಮನ ಗತಿಯೋ, ಮರೆತುಹೋಗುವ ಭಯವೋ. ಅದರಲ್ಲಿ ನಿನ್ನಿಂದ ಏನು ಆಗುತ್ತದೋ ಅದನ್ನು ಇವತ್ತೇ ಮಾಡು, ಮಾಡಿದ್ದನ್ನು ಅವರಿಗೆ ತೋರಿಸು.

ನೋವಿಗೆ ಔಷಧಿ ಇದೆ, ಸಹಿಸಿಕೋ ಎಂದು ಹೇಳಬೇಡ. ನಿಮ್ಮ ಡಾಕ್ಟರನ್ನು ಕೇಳು. ಮನೆಯಲ್ಲಿ ನೋಡಿಕೊಳ್ಳಲು ಆಗದ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುವ ಕರುಣಾಶ್ರಯದಂಥ ಸಂಸ್ಥೆ ಬೆಂಗಳೂರಿನಲ್ಲಿದೆ. ಬೇಕಾದರೆ ನಾನೂ ಜೊತೆಗೆ ಬರುತ್ತೇನೆ.

ಈ ಭಾನುವಾರ ಅಧ್ಯಯನಕ್ಕೆ ಬರಬೇಡ. ಅಪ್ಪನ ಹತ್ತಿರ ಕೂತಿರು. ನಾವು ಇಬ್ಬಿಬ್ಬರಾಗಿ ನಿಮ್ಮ ಮನೆಗೇ ಬರುತ್ತೇವೆ. ಬಳಗದವರು ಯಾರು ಯಾವ ದಿನ ಹೋಗುತ್ತೀರಿ ಎಂದು ಇವತ್ತು ಸಂಜೆಯೊಳಗೆ ಇಲ್ಲೇ ತಿಳಿಸಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.

– ನಿಮ್ಮ ಕುರುಡುಮಲೆ ಮೇಷ್ಟ್ರು